ಎಕ್ಸೆಲ್ ಗಾಡಿ ಕಳುವಾಗದಂತೆ ನೋಡಿಕೊಳ್ಳುವುದು ಹೇಗೆ? ಕೋಲಾರದ ಮಂಡಿಯಿಂದ ಬೆಂಗಳೂರಿನ ಬೀದಿವರೆಗೆ

ಸರಕು ಹೊರುವ ಬೈಕ್ ಅಂದರೆ ನಮ್ಮ ಕೋಲಾರದ ಕಡೆ ಟಿವಿಎಸ್ ಎಕ್ಸೆಲ್. ಟೊಮೆಟೊ ಬಾಕ್ಸ್, ಸೊಪ್ಪಿನ ಮೂಟೆ, ಹಾಲಿನ ಕ್ಯಾನು, ಹೂವಿನ ಚೀಲ, ಹಸುವಿಗೆ ಮೇವು, ಎಲ್ಲವೂ ಇದರ ಮೇಲೇ. ಕೆಲವರು ಇದನ್ನೇ ಹತ್ತಿ ಹೊಸಕೋಟೆ, ಕೆ.ಆರ್. ಪುರ ದಾಟಿ ಬೆಂಗಳೂರಿನ ಬೀದಿಗಳಲ್ಲೂ ವ್ಯಾಪಾರ ಮಾಡಿ ಬರುತ್ತಾರೆ. ಕಾರು ಕಳೆದುಕೊಂಡವರು ಬಸ್ಸಿನಲ್ಲಿ ಕೆಲಸಕ್ಕೆ ಹೋಗಬಹುದು. ಎಕ್ಸೆಲ್ ಕಳೆದುಕೊಂಡ ಸೊಪ್ಪಿನ ವ್ಯಾಪಾರಿಗೆ ಮರುದಿನ ಕೆಲಸವೇ ಇಲ್ಲ. ಅದಕ್ಕೇ ಈ ವಿಷಯ ಸ್ವಲ್ಪ ವಿವರವಾಗಿ ಬರೆಯುತ್ತಿದ್ದೇನೆ.

ಈ ಗಾಡಿ ಕದಿಯುವುದು ಯಾಕೆ ಸುಲಭ ಅನ್ನುವುದನ್ನು ಮೊದಲು ತಿಳಿದುಕೊಳ್ಳಬೇಕು. ತೂಕ ಹೆಚ್ಚುಕಡಿಮೆ 90 ಕೆಜಿ ಒಳಗೇ ಇದೆ. ಇಬ್ಬರು ಗಟ್ಟಿ ಆಳುಗಳು ಎತ್ತಿ ಗೂಡ್ಸ್ ಆಟೋಗೆ ಹಾಕಿಬಿಡಬಹುದು. ಗೇರ್ ಇಲ್ಲ, ಯಾರು ಬೇಕಾದರೂ ಓಡಿಸಬಹುದು. ಬಿಡಿಭಾಗಗಳಿಗೆ ಪ್ರತಿ ಹಳ್ಳಿಯಲ್ಲೂ ಗಿರಾಕಿ ಇದ್ದಾರೆ. ಜೊತೆಗೆ, ಒಂದೇ ತರಹದ ನೂರು ಗಾಡಿ ನಿಂತಿರುವ ಮಾರ್ಕೆಟ್‌ನಲ್ಲಿ ಒಬ್ಬ ಅಪರಿಚಿತ ಒಂದು ಗಾಡಿ ತಳ್ಳಿಕೊಂಡು ಹೊರಟರೆ ಯಾರೂ ತಿರುಗಿ ನೋಡುವುದಿಲ್ಲ.

ನನ್ನ ಪ್ರಕಾರ ಅಪಾಯ ಜಾಸ್ತಿ ಇರುವುದು ಹಗಲಿನಲ್ಲಿ. ಅದೂ ಇಳಿಸುವ, ಹತ್ತಿಸುವ ಆ ಐದೈದು ನಿಮಿಷಗಳಲ್ಲಿ. ರಾತ್ರಿ ಗಾಡಿಗೆ ಬೀಗ ಹಾಕುವವರು ಹಗಲಿನಲ್ಲಿ ಕೀ ಅದರಲ್ಲೇ ಬಿಟ್ಟಿರುತ್ತಾರೆ. ಹಾಗಾಗಿ ಅಲ್ಲಿಂದಲೇ ಶುರು ಮಾಡೋಣ.

ಮೊದಲ ಕೆಲಸ: ಕೀ ಮೈಮೇಲೇ ಇರಲಿ

ಎರಡು ಬಾಕ್ಸ್ ಇಳಿಸಿ ಅಂಗಡಿ ಒಳಗೆ ಇಟ್ಟು ಬರುವಷ್ಟರಲ್ಲಿ ಏನಾಗುತ್ತೆ ಅನ್ನಿಸುತ್ತದೆ. ಕಳ್ಳನಿಗೆ ಅಷ್ಟೇ ಸಾಕು. ಎರಡೂ ಕೈಯಲ್ಲಿ ಹೊರೆ ಇರುವುದರಿಂದ ಕೀ ತೆಗೆಯಲು ಬೇಜಾರು, ಅದು ನಿಜವಾದ ತೊಂದರೆಯೇ. ಅದಕ್ಕೆ ಪರಿಹಾರ ಒಂದು ದಾರ. ಕೀಗೆ ಉದ್ದನೆಯ ದಾರ ಅಥವಾ ಸ್ಪ್ರಿಂಗ್ ಹಗ್ಗ ಕಟ್ಟಿ ಬೆಲ್ಟಿಗೋ, ಅಂಗಿಯ ಗುಂಡಿಗೋ ಸಿಕ್ಕಿಸಿ. ಗಾಡಿಯಿಂದ ಇಳಿದರೆ ಕೀ ತಾನಾಗಿಯೇ ನಿಮ್ಮನ್ನು ಎಳೆಯುತ್ತದೆ. ಮರೆಯಲು ಸಾಧ್ಯವೇ ಇಲ್ಲ.

ಹಳೇ ಗಾಡಿಯಾದರೆ ಇನ್ನೊಂದು ಪರೀಕ್ಷೆ ಮಾಡಿ. ಕೀ ಸವೆದು ಇಗ್ನಿಷನ್ ಸ್ವಿಚ್ ಸಡಿಲವಾಗಿದ್ದರೆ ಬೇರೆ ಗಾಡಿಯ ಕೀಗೂ ತಿರುಗುತ್ತದೆ. ಓಡುತ್ತಿರುವಾಗಲೇ ಕೀ ಹೊರಗೆ ಬರುತ್ತಿದೆಯಾ? ಹಾಗಿದ್ದರೆ ಲಾಕ್ ಸೆಟ್ ಬದಲಾಯಿಸುವ ಕಾಲ ಬಂದಿದೆ. ಹ್ಯಾಂಡಲ್ ಲಾಕ್ ಕೂಡ ನೋಡಿ. ಮಣ್ಣು, ತುಕ್ಕು ತುಂಬಿಕೊಂಡು ಎಷ್ಟೋ ಗಾಡಿಗಳಲ್ಲಿ ಅದು ಬೀಳುವುದೇ ಇಲ್ಲ. ಸ್ವಲ್ಪ ಎಣ್ಣೆ ಬಿಟ್ಟು ದಿನಾ ಬಳಸುತ್ತಾ ಬಂದರೆ ಸರಿಯಾಗುತ್ತದೆ, ಇಲ್ಲವಾದರೆ ಮೆಕ್ಯಾನಿಕ್ ಹತ್ತಿರ ಹೋಗಿ. ಇದು ದೊಡ್ಡ ರಕ್ಷಣೆ ಏನಲ್ಲ. ಬಲವಾಗಿ ತಿರುಗಿಸಿದರೆ ಮುರಿಯುತ್ತದೆ. ಆದರೂ ಸುಮ್ನೆ ತಳ್ಳಿಕೊಂಡು ಹೋಗುವವನನ್ನು ನಿಲ್ಲಿಸುತ್ತದೆ.

ಎರಡನೇ ಕೆಲಸ: ಸರಿಯಾದ ಚೈನ್ ಮತ್ತು ಬೀಗ

ಬೈಕ್ ರಕ್ಷಣೆ ಅಂದ ತಕ್ಷಣ ಎಲ್ಲರೂ ಡಿಸ್ಕ್ ಲಾಕ್ ಕೊಳ್ಳಿ ಅನ್ನುತ್ತಾರೆ. ಎಕ್ಸೆಲ್‌ಗೆ ಎರಡೂ ಕಡೆ ಡ್ರಮ್ ಬ್ರೇಕ್. ಡಿಸ್ಕೇ ಇಲ್ಲದ ಗಾಡಿಗೆ ಡಿಸ್ಕ್ ಲಾಕ್ ಎಲ್ಲಿಗೆ ಹಾಕುವುದು? ನಮಗೆ ಬೇಕಿರುವುದು ಚೈನ್.

ಪ್ಲಾಸ್ಟಿಕ್ ಹೊದಿಕೆಯ ಕೇಬಲ್ ಲಾಕ್ ಹೆಲ್ಮೆಟ್‌ಗೆ ಸಾಕು, ಗಾಡಿಗೆ ಸಾಲದು. ಒಳಗಿರುವುದು ಸಣ್ಣ ಸಣ್ಣ ತಂತಿಗಳ ಹುರಿ, ಕೈ ಕಟರ್‌ಗೇ ತುಂಡಾಗುತ್ತದೆ. ಚೈನ್‌ನ ಕೊಂಡಿ ಕನಿಷ್ಠ 10 ಮಿಲಿಮೀಟರ್ ದಪ್ಪ ಇರಲಿ. ಹಾರ್ಡ್‌ವೇರ್ ಅಂಗಡಿಯಲ್ಲಿ ಮೀಟರ್ ಲೆಕ್ಕದಲ್ಲಿ ಸಿಗುವ ಮಾಮೂಲಿ ಚೈನ್‌ಗೂ, ಹದಗೊಳಿಸಿದ ಗಟ್ಟಿ ಉಕ್ಕಿನ ಚೈನ್‌ಗೂ ತುಂಬಾ ವ್ಯತ್ಯಾಸ ಇದೆ. ನೋಡಲು ಒಂದೇ ತರಹ ಇರುತ್ತವೆ. ತಿಳಿಯಲು ಒಂದು ಅರ (ಕಬ್ಬಿಣ ಉಜ್ಜುವ ಫೈಲ್) ತೆಗೆದುಕೊಂಡು ಕೊಂಡಿಯ ಮೇಲೆ ಉಜ್ಜಿ. ಮೆತ್ತನೆಯ ಕಬ್ಬಿಣವಾದರೆ ಅರ ಕಚ್ಚಿ ಪುಡಿ ಉದುರುತ್ತದೆ. ಹದಗೊಳಿಸಿದ ಉಕ್ಕಾದರೆ ಅರ ಜಾರುತ್ತದೆ. ಅಂಗಡಿಯವರು ಒಪ್ಪದಿದ್ದರೆ ಒಂದು ತುಂಡು ಕೇಳಿ ನೋಡಿ.

ಇಂಥ ಚೈನ್ ಒಂದು ಮೀಟರ್‌ಗೆ ಎರಡು ಕೆಜಿ ಮೀರಿ ತೂಗುತ್ತದೆ. ಸ್ಕೂಟರ್‌ನವರಿಗೆ ಅದು ಹೊರೆ ಅನ್ನಿಸಬಹುದು. ದಿನಾ ನಾಲ್ಕು ಬಾಕ್ಸ್ ಟೊಮೆಟೊ ಹೊರುವ ಗಾಡಿಗೆ ಎರಡು ಮೂರು ಕೆಜಿ ಯಾವ ಲೆಕ್ಕ? ಭಾರವಾದ ಬೀಗವನ್ನು ಜೊತೆಗೇ ಇಟ್ಟುಕೊಂಡು ಓಡಾಡುವ ಅನುಕೂಲ ನಮ್ಮ ಗಾಡಿಗೆ ಇದೆ. ಅದನ್ನು ಬಳಸಿಕೊಳ್ಳಿ.

ಚೈನ್ ದಪ್ಪ ಇದ್ದು ಬೀಗ ಚಿಕ್ಕದಾದರೆ ಕಳ್ಳ ಬೀಗಕ್ಕೇ ಕೈ ಹಾಕುತ್ತಾನೆ. ಬೀಗದ ಬಳೆ, ಅಂದರೆ ಮೇಲಿನ ಬಾಗಿದ ಕಂಬಿ ಕೂಡ ಚೈನ್‌ನಷ್ಟೇ ದಪ್ಪ ಇರಬೇಕು. ಹೊರಗೆ ಕಾಣುವ ಬಳೆ ಎಷ್ಟು ಗಿಡ್ಡವೋ ಅಷ್ಟು ಒಳ್ಳೆಯದು, ಕಟರ್ ಬಾಯಿ ಒಳಗೆ ತೂರಲು ಜಾಗ ಸಿಗುವುದಿಲ್ಲ. ಚೈನ್ ಮೇಲೆ ಹಳೇ ಸೈಕಲ್ ಟ್ಯೂಬ್ ಎಳೆದರೆ ಗಾಡಿಗೆ ಗೀರು ಬೀಳುವುದಿಲ್ಲ, ಸದ್ದೂ ಕಡಿಮೆ.

ಮೂರನೇ ಕೆಲಸ: ಎಲ್ಲಿಗೆ, ಹೇಗೆ ಕಟ್ಟಬೇಕು

ಒಳ್ಳೆಯ ಚೈನ್ ಇದ್ದೂ ಗಾಡಿ ಹೋಗುವುದು ತಪ್ಪಾಗಿ ಕಟ್ಟುವುದರಿಂದ. ಚಕ್ರಕ್ಕೆ ಮಾತ್ರ ಸುತ್ತಿ ಬೀಗ ಹಾಕಿದರೆ ಗಾಡಿ ಉರುಳುವುದಿಲ್ಲ, ನಿಜ. ಆದರೆ ಎತ್ತಿಕೊಂಡು ಹೋಗಬಹುದು. ಕ್ಯಾರಿಯರ್‌ಗೆ ಕಟ್ಟಿದರೆ ಇನ್ನೂ ಕೆಟ್ಟದು, ನಾಲ್ಕು ನಟ್ ಬಿಚ್ಚಿದರೆ ಕ್ಯಾರಿಯರ್ ನಿಮಗೆ, ಗಾಡಿ ಅವನಿಗೆ. ಕಡ್ಡಿ ಚಕ್ರದ ಕಡ್ಡಿಗಳ ನಡುವೆ ಮಾತ್ರ ತೂರಿಸಿದರೂ ಪ್ರಯೋಜನ ಇಲ್ಲ, ಕಡ್ಡಿಗಳನ್ನು ಕತ್ತರಿಸುವುದು ಸುಲಭ. ಚೈನ್ ಹಿಂದಿನ ಚಕ್ರದ ರಿಮ್ ಒಳಗಿಂದ ಬಂದು, ಚಾಸಿಯ ದಪ್ಪ ಪೈಪನ್ನು ಸುತ್ತಿ, ನೆಲಕ್ಕೆ ಭದ್ರವಾಗಿ ಕೂತಿರುವ ಯಾವುದಾದರೂ ವಸ್ತುವನ್ನು ಹಿಡಿಯಬೇಕು. ಮೂರೂ ಸೇರಿದರೆ ಮಾತ್ರ ಗಾಡಿ ಕಟ್ಟಿದಂತೆ.

ಆ ಭದ್ರವಾದ ವಸ್ತು ಯಾವುದು? ಗಿಡ್ಡನೆಯ ಬೋರ್ಡ್ ಕಂಬವಾದರೆ ಚೈನ್ ಮೇಲಿಂದ ಜಾರಿಸಿ ತೆಗೆಯಬಹುದು. ಕಿಟಕಿಯ ಸರಳು ತೆಳುವಾಗಿರುತ್ತದೆ. ಕಬ್ಬಿಣದ ಗೇಟ್ ಗಟ್ಟಿ ಅನ್ನಿಸುತ್ತದೆ, ಆದರೆ ಬಹಳಷ್ಟು ಗೇಟ್‌ಗಳನ್ನು ತಿರುಗಣಿಯಿಂದ ಮೇಲಕ್ಕೆ ಎತ್ತಿ ತೆಗೆಯಬಹುದು. ಗೇಟಿಗೆ ಕಟ್ಟುವ ಮೊದಲು ಒಮ್ಮೆ ಎತ್ತಿ ನೋಡಿ. ಟ್ರಾನ್ಸ್‌ಫಾರ್ಮರ್ ಕಂಬ, ವಿದ್ಯುತ್ ಪೆಟ್ಟಿಗೆ ಹತ್ತಿರ ಮಾತ್ರ ಎಂದೂ ಕಟ್ಟಬೇಡಿ.

ಚೈನ್ ನೆಲದ ಮೇಲೆ ಬಿದ್ದಿರಬಾರದು. ಕಟರ್‌ನ ಒಂದು ಹಿಡಿಯನ್ನು ನೆಲಕ್ಕೆ ಊರಿ, ಇನ್ನೊಂದರ ಮೇಲೆ ಮೈಭಾರ ಬಿಟ್ಟರೆ ಬಲ ಎಷ್ಟೋ ಪಟ್ಟು ಹೆಚ್ಚುತ್ತದೆ. ಸುತ್ತಿಗೆ ಏಟಿಗೂ ನೆಲವೇ ಆಧಾರ. ಮೊಣಕಾಲಿನ ಎತ್ತರದಲ್ಲಿ, ಸಡಿಲ ಇಲ್ಲದಂತೆ ಬಿಗಿಯಾಗಿ ಇರಲಿ. ಬೀಗದ ಕೀ ತೂತು ಕೆಳಮುಖವಾಗಿರಲಿ, ಮಳೆ ನೀರೂ ಹೋಗುವುದಿಲ್ಲ.

ಕಟ್ಟಲು ಏನೂ ಸಿಗದಿದ್ದರೆ ಪರಿಚಯದವರ ಗಾಡಿಗೇ ಸೇರಿಸಿ ಕಟ್ಟಿ. ಎರಡು ಗಾಡಿಯನ್ನು ಒಟ್ಟಿಗೆ ಎತ್ತುವುದು ಸುಲಭವಲ್ಲ. ಮಂಡಿಗೆ ಒಟ್ಟಿಗೆ ಬರುವ ಒಂದೇ ಊರಿನವರಿಗೆ ಇದು ತುಂಬಾ ಒಳ್ಳೆಯ ಉಪಾಯ.

ಕಬ್ಬಿಣ ಕತ್ತರಿಸುವ ಗ್ರೈಂಡರ್ ತಂದವನ ಮುಂದೆ ಯಾವ ಚೈನೂ ಉಳಿಯುವುದಿಲ್ಲ ಅಂತ ಕೆಲವರು ಹೇಳುತ್ತಾರೆ. ಹೌದು. ಆದರೆ ಗ್ರೈಂಡರ್ ಸದ್ದು ಮಾಡುತ್ತದೆ, ಕಿಡಿ ಹಾರುತ್ತದೆ, ಸಮಯ ಬೇಕಾಗುತ್ತದೆ. ಜನ ಓಡಾಡುವ ಜಾಗದಲ್ಲಿ ಗಾಡಿ ನಿಂತಿದ್ದರೆ ಅಷ್ಟು ಧೈರ್ಯ ಮಾಡುವವರು ಕಡಿಮೆ.

ನಾಲ್ಕನೇ ಕೆಲಸ: ಸ್ಟಾರ್ಟ್ ಆಗದಂತೆ ಮಾಡುವುದು

ಇದಕ್ಕೆ ದುಡ್ಡೇ ಬೇಡ. ಕಾರ್ಬೊರೇಟರ್ ಇರುವ ಹಳೇ ಗಾಡಿಯಾದರೆ ಪೆಟ್ರೋಲ್ ಕಾಕ್ ಮುಚ್ಚಿಬಿಡಿ. ಕಳ್ಳ ಸ್ಟಾರ್ಟ್ ಮಾಡಿದರೂ ಕಾರ್ಬೊರೇಟರ್‌ನಲ್ಲಿ ಉಳಿದಿರುವ ಪೆಟ್ರೋಲ್‌ನಲ್ಲಿ ಸ್ವಲ್ಪ ದೂರ ಹೋಗಿ ಗಾಡಿ ನಿಂತುಬಿಡುತ್ತದೆ. ಗಾಬರಿಯಲ್ಲಿರುವವನು ಅಲ್ಲೇ ಬಿಟ್ಟು ಹೋಗುವ ಸಾಧ್ಯತೆ ಹೆಚ್ಚು. ಗಾಡಿ ಕಾಣದಿದ್ದರೆ ಅಕ್ಕಪಕ್ಕದ ಗಲ್ಲಿಗಳನ್ನು ಮೊದಲು ಹುಡುಕಬೇಕಾದ ಕಾರಣವೂ ಇದೇ.

ರಾತ್ರಿ ಹೊತ್ತು, ಅಥವಾ ಇಡೀ ದಿನ ನಿಲ್ಲಿಸಿ ಹೋಗುವಾಗ, ಎಂಜಿನ್‌ನ ಸ್ಪಾರ್ಕ್ ಪ್ಲಗ್ ಮೇಲಿನ ಕ್ಯಾಪ್ ಎಳೆದಿಡಿ. ಕ್ಯಾಪ್ ಸ್ವಲ್ಪ ಮೇಲೆ ಕೂತಂತೆ ಬಿಟ್ಟರೆ ನೋಡಿದವರಿಗೆ ಗೊತ್ತಾಗುವುದಿಲ್ಲ, ಕಿಕ್ ಹೊಡೆದರೆ ಸ್ಟಾರ್ಟೂ ಆಗುವುದಿಲ್ಲ. ಎಂಜಿನ್ ಬಿಸಿ ಇದ್ದಾಗ ಕೈ ಸುಡುತ್ತದೆ, ಬಟ್ಟೆ ಹಿಡಿದು ತೆಗೆಯಿರಿ.

ಬಚ್ಚಿಟ್ಟ ಸ್ವಿಚ್ ಹಾಕಿಸುವುದು ಇನ್ನೊಂದು ದಾರಿ. ಸೀಟಿನ ಕೆಳಗೋ, ಕೈಗೆ ಮಾತ್ರ ಸಿಗುವ ಜಾಗದಲ್ಲೋ ಒಂದು ಸಣ್ಣ ಸ್ವಿಚ್ ಇಟ್ಟು ಇಗ್ನಿಷನ್ ವೈರ್ ಕಡಿದು ಜೋಡಿಸುತ್ತಾರೆ. ಹಳೇ ಗಾಡಿಗೆ ಸರಿ. ಬಿಎಸ್6 ಹೊಗೆ ನಿಯಮ ಬಂದ ಮೇಲಿನ ಇಂಜೆಕ್ಷನ್ ಗಾಡಿಗಳಲ್ಲಿ ವೈರ್ ಕತ್ತರಿಸಿದರೆ ವಾರಂಟಿಗೆ ತೊಂದರೆ ಆಗಬಹುದು, ಶೋರೂಂನಲ್ಲಿ ಕೇಳಿಯೇ ಮುಂದುವರಿಯಿರಿ.

ಎಲ್ಲೆಲ್ಲಿ ಹೇಗೆ ನಿಲ್ಲಿಸಬೇಕು

ಎಪಿಎಂಸಿಯಲ್ಲಿ ಹರಾಜು ನಡೆಯುವಾಗ ಎಲ್ಲರ ಗಮನ ರೇಟಿನ ಮೇಲೆ. ನಿಮ್ಮ ಮಂಡಿಯ ಮುಂದೆಯೇ, ಹಮಾಲಿಗಳ ಕಣ್ಣಿಗೆ ಬೀಳುವ ಕಡೆ ಗಾಡಿ ಇರಲಿ. ಮೂಲೆಯಲ್ಲಿ ಖಾಲಿ ಜಾಗ ಇದೆ ಅಂತ ಲಾರಿಗಳ ಹಿಂದೆ ನಿಲ್ಲಿಸಬೇಡಿ. ಅಲ್ಲಿ ಯಾರೂ ನೋಡುವುದಿಲ್ಲ. ಟೀ ಅಂಗಡಿ ಎದುರು ನಿಲ್ಲಿಸಿ, "ಅಣ್ಣಾ, ಒಂಚೂರು ಗಾಡಿ ಕಡೆ ನೋಡ್ಕೊಂಡಿರಿ" ಅಂತ ಒಂದು ಮಾತು ಹೇಳಿ. ನಮ್ಮ ಊರುಗಳಲ್ಲಿ ಈ ಮಾತಿಗೆ ಇವತ್ತಿಗೂ ಬೆಲೆ ಇದೆ.

ಹೊರೆಯನ್ನೂ ಮರೆಯಬೇಡಿ. 2023ರ ಜುಲೈನಲ್ಲಿ ಕೋಲಾರದಲ್ಲಿ 15 ಕೆಜಿ ಟೊಮೆಟೊ ಬಾಕ್ಸ್ 2,000 ರೂಪಾಯಿ ದಾಟಿತ್ತು. ನಾಲ್ಕು ಬಾಕ್ಸ್ ಅಂದರೆ 8,000 ರೂಪಾಯಿಯ ಮಾಲು ಬರೀ ಒಂದು ರಬ್ಬರ್ ಹಗ್ಗದ ನಂಬಿಕೆಯಲ್ಲಿ. ರೇಟು ಏರಿದ ದಿನಗಳಲ್ಲಿ ದಾರಿಯಲ್ಲಿ ತಿಂಡಿಗೆ ನಿಲ್ಲಿಸುವ ಬದಲು ಮಾಲು ಇಳಿಸಿ ತಿನ್ನಿ. ಖಾಲಿ ಕ್ರೇಟ್‌ಗಳ ಮೇಲೂ ಬಣ್ಣದಲ್ಲಿ ನಿಮ್ಮ ಹೆಸರಿನ ಗುರುತು ಇರಲಿ.

ಜಿಲ್ಲಾಸ್ಪತ್ರೆ, ಬಸ್ ನಿಲ್ದಾಣ, ಜಾತ್ರೆ ಮೈದಾನದಂಥ ಜಾಗಗಳಲ್ಲಿ ದುಡ್ಡು ಕೊಟ್ಟು ನಿಲ್ಲಿಸುವ ಸ್ಟ್ಯಾಂಡ್ ಇದ್ದರೆ ಅಲ್ಲೇ ನಿಲ್ಲಿಸಿ. ಬಂಗಾರಪೇಟೆ ಅಥವಾ ಮಾಲೂರು ಸ್ಟೇಷನ್‌ನಲ್ಲಿ ಗಾಡಿ ಬಿಟ್ಟು ಬೆಂಗಳೂರಿಗೆ ರೈಲು ಹತ್ತುವವರು ಚೀಟಿಯನ್ನು ಗಾಡಿಯ ಡಬ್ಬಿಯಲ್ಲಿ ಇಡಬೇಡಿ, ಜೇಬಿನಲ್ಲಿ ಇಟ್ಟುಕೊಳ್ಳಿ. ಚೀಟಿಯ ಫೋಟೊ ಕೂಡ ತೆಗೆದಿಡಿ. ಸ್ಟ್ಯಾಂಡ್‌ನಲ್ಲಿದ್ದರೂ ಚೈನ್ ಹಾಕಿ.

ಬೆಂಗಳೂರಿನಲ್ಲಿ ಕಷ್ಟ ಬೇರೆ ತರಹದ್ದು. ಪರಿಚಯದವರು ಇರುವುದಿಲ್ಲ, ಮನೆಮನೆ ಮುಂದೆ ನಿಲ್ಲಿಸುತ್ತಾ ಹೋಗಬೇಕು. ಅಪಾರ್ಟ್‌ಮೆಂಟ್‌ಗೆ ಸರಕು ಹಾಕುವವರು ಆದಷ್ಟೂ ಗೇಟ್ ಒಳಗೆ, ಸೆಕ್ಯುರಿಟಿಯವರ ಕ್ಯಾಬಿನ್ ಪಕ್ಕ ನಿಲ್ಲಿಸಲು ಕೇಳಿಕೊಳ್ಳಿ. ಬೀದಿಯಲ್ಲಾದರೆ ಅಂಗಡಿಯ ಕ್ಯಾಮೆರಾ ಕೆಳಗೆ. ಕೆ.ಆರ್. ಮಾರ್ಕೆಟ್‌ನಂಥ ಜಾಗಕ್ಕೆ ಇಬ್ಬರು ಹೋಗುವುದೇ ಒಳ್ಳೆಯದು. ಒಬ್ಬರು ಇಳಿಸಲಿ, ಒಬ್ಬರು ಗಾಡಿ ಹತ್ತಿರ ಇರಲಿ.

ಮನೆಯಲ್ಲಿ ಕಾಂಪೌಂಡ್ ಇದ್ದರೂ ನೆಲದಲ್ಲಿ ಒಂದು ಕಬ್ಬಿಣದ ಕೊಂಡಿ ಹಾಕಿಸಿಕೊಳ್ಳಿ. 16 ಮಿಲಿಮೀಟರ್ ಕಂಬಿಯನ್ನು ವೆಲ್ಡಿಂಗ್ ಅಂಗಡಿಯಲ್ಲಿ ಬಗ್ಗಿಸಿ, ಎರಡೂ ತುದಿಗೆ ಅಡ್ಡಕಂಬಿ ಬೆಸೆದು, ಒಂದು ಅಡಿ ಆಳಕ್ಕೆ ಕಾಂಕ್ರೀಟ್‌ನಲ್ಲಿ ಹೂಳಿದರೆ ಸಾಕು. ಅಡ್ಡಕಂಬಿ ಇಲ್ಲದಿದ್ದರೆ ಅಲ್ಲಾಡಿಸಿ ಕಿತ್ತುಬಿಡಬಹುದು.

ಸರಕು ಸೈಕಲ್ ಮತ್ತು ಬ್ಯಾಟರಿ ಗಾಡಿ ಇದ್ದವರಿಗೆ

ಮೂರು ಚಕ್ರದ ಸೈಕಲ್ ಗಾಡಿಗೂ ಚೈನ್ ಕಟ್ಟುವ ಕ್ರಮ ಇದೇ. ಸೈಕಲ್‌ಗೆ ಆರ್‌ಸಿ ಇಲ್ಲ, ಹಾಗಾಗಿ ಪೆಡಲ್ ಕೆಳಗಿನ ಪೈಪಿನ ಅಡಿಯಲ್ಲಿ ಕೊರೆದಿರುವ ಫ್ರೇಮ್ ನಂಬರ್ ಹುಡುಕಿ ಬರೆದಿಡಿ, ಕೊಂಡ ಬಿಲ್ ಜೋಪಾನವಾಗಿಡಿ. ಬ್ಯಾಟರಿ ಗಾಡಿಗಳಲ್ಲಿ ಗಾಡಿಗಿಂತ ಮೊದಲು ಬ್ಯಾಟರಿ ಮೇಲೆ ಕಣ್ಣು. ತೆಗೆಯಲು ಬರುವಂಥದ್ದಾದರೆ ರಾತ್ರಿ ಮನೆಯೊಳಗೆ ತನ್ನಿ. ಬರದಿದ್ದರೆ ಪೆಟ್ಟಿಗೆಗೆ ಅಡ್ಡಪಟ್ಟಿ ಬೆಸೆಸಿ ಬೀಗ ಹಾಕಿ. ಬ್ಯಾಟರಿ ಮೇಲಿನ ಸೀರಿಯಲ್ ನಂಬರ್ ಫೋಟೊ ತೆಗೆದಿಡಿ.

ಟ್ರ್ಯಾಕರ್ ಹಾಕಿಸಬೇಕಾ?

ಹಾಕಿಸಿದರೆ ಒಳ್ಳೆಯದು, ಆದರೆ ಚೈನ್ ಕೊಂಡ ಮೇಲೆ. ಸಿಮ್ ಇರುವ ಜಿಪಿಎಸ್ ಟ್ರ್ಯಾಕರ್ ಗಾಡಿ ಎಲ್ಲಿದೆ ಅಂತ ನಿಮ್ಮ ಫೋನಿಗೆ ತೋರಿಸುತ್ತದೆ. ರೀಚಾರ್ಜ್ ಮುಗಿದಿದ್ದರೆ ಏನೂ ತೋರಿಸುವುದಿಲ್ಲ, ಅದನ್ನು ಗಮನಿಸುತ್ತಿರಬೇಕು. ಬ್ಲೂಟೂತ್ ಟ್ಯಾಗ್‌ಗಳಿಗೆ ಸಿಮ್ ಬೇಡ, ಅವು ಹತ್ತಿರ ಹಾದುಹೋಗುವ ಬೇರೆಯವರ ಫೋನ್‌ಗಳ ಮೂಲಕ ಸುಳಿವು ಕೊಡುತ್ತವೆ. ಬೆಂಗಳೂರಿನಲ್ಲಿ ಚೆನ್ನಾಗಿ ಕೆಲಸ ಮಾಡಬಹುದು, ತೋಟದ ದಾರಿಯಲ್ಲಿ ಫೋನ್‌ಗಳೇ ಇಲ್ಲದಿದ್ದರೆ ಸುಮ್ಮನಿರುತ್ತವೆ. ಕೆಲವು ಟ್ಯಾಗ್‌ಗಳು ಜೊತೆಯಲ್ಲಿ ಸಾಗುವ ಅಪರಿಚಿತರ ಫೋನಿಗೂ ಎಚ್ಚರಿಕೆ ಕಳಿಸುತ್ತವೆ, ಅಂದರೆ ಕಳ್ಳನಿಗೂ ಗೊತ್ತಾಗುತ್ತದೆ. ಟೂಲ್ ಡಬ್ಬಿಯಲ್ಲಿ ಮಾತ್ರ ಇಡಬೇಡಿ, ಅವರು ಮೊದಲು ನೋಡುವುದೇ ಅಲ್ಲಿ. ಗಾಡಿ ಇರುವ ಜಾಗ ಗೊತ್ತಾದರೂ ಒಬ್ಬರೇ ಹೋಗಬೇಡಿ. ಪೊಲೀಸರನ್ನು ಕರೆದುಕೊಂಡೇ ಹೋಗಿ.

ಇವತ್ತೇ ಮಾಡಿಡಬೇಕಾದ ಕಾಗದದ ಕೆಲಸ

ಆರ್‌ಸಿ, ಇನ್ಶೂರೆನ್ಸ್, ಎಂಜಿನ್ ನಂಬರ್, ಚಾಸಿ ನಂಬರ್, ನಾಲ್ಕೂ ಕಡೆಯಿಂದ ಗಾಡಿಯ ಫೋಟೊ, ಇಷ್ಟನ್ನು ಮನೆಯ ಇನ್ನೊಬ್ಬರ ವಾಟ್ಸ್ಆ್ಯಪ್‌ಗೂ ಕಳಿಸಿಡಿ. ಮೂಲ ಆರ್‌ಸಿ ಗಾಡಿಯಲ್ಲಿ ಇಡುವುದು ಬೇಡ. ಫೋನಿನ ಡಿಜಿಲಾಕರ್ ಅಥವಾ ಎಂಪರಿವಾಹನ್ ಆ್ಯಪ್‌ನಲ್ಲಿ ತೋರಿಸಿದರೆ ಸಾಕು. ಸೀಟಿನ ಕೆಳಗೋ ಕ್ಯಾರಿಯರ್ ಅಡಿಯಲ್ಲೋ ನಿಮಗೆ ಮಾತ್ರ ಗೊತ್ತಿರುವ ಒಂದು ಗುರುತು ಕೊರೆಸಿ. ಚಾಸಿ ನಂಬರ್ ಹತ್ತಿರ ಮಾತ್ರ ಏನೂ ಕೊರೆಸಬೇಡಿ. 2019ರ ಏಪ್ರಿಲ್ 1ಕ್ಕಿಂತ ಮೊದಲಿನ ಗಾಡಿಗೆ ಎಚ್‌ಎಸ್‌ಆರ್‌ಪಿ (ಹೈ ಸೆಕ್ಯುರಿಟಿ ನಂಬರ್) ಪ್ಲೇಟ್ ಹಾಕಿಸದಿದ್ದರೆ ಹಾಕಿಸಿ. ಅದರಲ್ಲಿ ಅಶೋಕಚಕ್ರದ ಹೊಲೊಗ್ರಾಮ್, ಲೇಸರ್‌ನಿಂದ ಕೊರೆದ ನಂಬರ್ ಇರುತ್ತದೆ. ಕಿತ್ತರೆ ಮತ್ತೆ ಹಾಗೇ ಕೂರಿಸಲು ಬರುವುದಿಲ್ಲ.

ಇನ್ಶೂರೆನ್ಸ್ ವಿಷಯದಲ್ಲಿ ಎಷ್ಟೋ ಜನಕ್ಕೆ ತಪ್ಪು ನಂಬಿಕೆ ಇದೆ. ಬೇರೆಯವರಿಗೆ ಆದ ನಷ್ಟಕ್ಕೆ ಮಾತ್ರ ಇರುವ ಥರ್ಡ್ ಪಾರ್ಟಿ ಪಾಲಿಸಿಯಲ್ಲಿ ಕಳ್ಳತನಕ್ಕೆ ಒಂದು ರೂಪಾಯಿಯೂ ಬರುವುದಿಲ್ಲ. ಹೊಸ ಗಾಡಿ ಕೊಂಡಾಗ ಐದು ವರ್ಷದ ಇನ್ಶೂರೆನ್ಸ್ ಇದೆ ಅಂತ ಹೇಳಿರುತ್ತಾರೆ. ಆ ಐದು ವರ್ಷ ಸಾಮಾನ್ಯವಾಗಿ ಥರ್ಡ್ ಪಾರ್ಟಿಗೆ ಮಾತ್ರ. ಸ್ವಂತ ಗಾಡಿಯ ನಷ್ಟಕ್ಕೆ ಇರುವ ಭಾಗ ಒಂದು ವರ್ಷಕ್ಕೇ ಮುಗಿದಿರಬಹುದು. ಪಾಲಿಸಿ ತೆಗೆದು ಓದಿ, ಮುಗಿದಿದ್ದರೆ ನವೀಕರಿಸಿ. ಕಳುವಾದರೆ ಸಿಗುವುದು ಪಾಲಿಸಿಯಲ್ಲಿ ಬರೆದಿರುವ ಐಡಿವಿ, ಅಂದರೆ ಕಂಪನಿ ಗಾಡಿಗೆ ಕಟ್ಟಿರುವ ಬೆಲೆಯ ಲೆಕ್ಕದಲ್ಲಿ. ಕ್ಲೇಮ್ ಮಾಡುವಾಗ ಎರಡೂ ಕೀ ಕೇಳುತ್ತಾರೆ, ಸ್ಪೇರ್ ಕೀ ಎಲ್ಲಿದೆ ಅಂತ ಈಗಲೇ ಹುಡುಕಿಡಿ. ಕೀ ಗಾಡಿಯಲ್ಲೇ ಬಿಟ್ಟಿದ್ದಾಗ ಕಳುವಾದರೆ ನೀವು ಎಚ್ಚರ ವಹಿಸಲಿಲ್ಲ ಎಂದು ಕಂಪನಿ ತಕರಾರು ತೆಗೆಯುತ್ತದೆ.

ಗಾಡಿ ಕಾಣದಿದ್ದರೆ

ಮೊದಲ ಕೆಲವು ನಿಮಿಷ ಸುತ್ತಮುತ್ತ ವಿಚಾರಿಸಿ. ಮಾರ್ಕೆಟ್‌ನಲ್ಲಿ ಲಾರಿಗೆ ದಾರಿ ಬಿಡಲು ಯಾರಾದರೂ ಸರಿಸಿರಬಹುದು, ಟ್ರಾಫಿಕ್ ಪೊಲೀಸರು ತೆಗೆದುಕೊಂಡು ಹೋಗಿರಬಹುದು. ಸಿಗದಿದ್ದರೆ ತಡಮಾಡದೆ 112ಕ್ಕೆ ಫೋನ್ ಮಾಡಿ. ನಮ್ಮ ಜಿಲ್ಲೆಗೆ ಎರಡು ರಾಜ್ಯಗಳ ಗಡಿ ಇದೆ. ಮುಳಬಾಗಿಲು ದಾಟಿ ನಂಗಲಿ ಮುಗಿದರೆ ಆಂಧ್ರ, ಇನ್ನೊಂದು ಕಡೆ ತಮಿಳುನಾಡು. ಹಾಗಾಗಿ ಮೊದಲ ಒಂದು ಗಂಟೆಗೆ ಇಲ್ಲಿ ಬೆಲೆ ಜಾಸ್ತಿ.

ಹತ್ತಿರದ ಅಂಗಡಿಗಳ ಸಿಸಿಟಿವಿ ಅದೇ ದಿನ ಕೇಳಿ. ಕೆಲವು ದಿನ ಕಳೆದರೆ ಹಳೇ ದೃಶ್ಯದ ಮೇಲೆ ಹೊಸದು ಬಂದು ಅಳಿಸಿಹೋಗುತ್ತದೆ. ಕ್ಯಾಮೆರಾದ ಗಡಿಯಾರ ಎಷ್ಟು ಹಿಂದೆ ಮುಂದೆ ಇದೆ ಅಂತಲೂ ಬರೆದುಕೊಳ್ಳಿ.

ಸ್ಟೇಷನ್‌ಗೆ ಕೊಡುವ ದೂರಿನಲ್ಲಿ ಗಾಡಿ ನಂಬರ್, ಎಂಜಿನ್ ಮತ್ತು ಚಾಸಿ ನಂಬರ್, ಬಣ್ಣ, ನಿಲ್ಲಿಸಿದ ಜಾಗ, ನಿಲ್ಲಿಸಿದ ಹೊತ್ತು, ಕಾಣದ ಹೊತ್ತು, ಮೇಲಿದ್ದ ಮಾಲು, ನಿಮ್ಮ ಗುಪ್ತ ಗುರುತು ಎಲ್ಲವೂ ಇರಲಿ. 2024ರ ಜುಲೈ 1ರಿಂದ ಕಳ್ಳತನಕ್ಕೆ ಭಾರತೀಯ ನ್ಯಾಯ ಸಂಹಿತೆಯ 303ನೇ ಸೆಕ್ಷನ್. ಅದರ ಜೊತೆಗೇ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ ಯಾವ ಠಾಣೆಯಲ್ಲಾದರೂ ದೂರು ಕೊಡಬಹುದು. ಕೆ.ಆರ್. ಪುರದಲ್ಲಿ ಕಳುವಾಗಿ ನೀವು ಕೋಲಾರಕ್ಕೆ ಬಂದುಬಿಟ್ಟಿದ್ದರೂ ಇಲ್ಲಿ ಝೀರೊ ಎಫ್‌ಐಆರ್ ದಾಖಲಾಗಿ ಆ ಠಾಣೆಗೆ ಹೋಗುತ್ತದೆ. ಆನ್‌ಲೈನ್‌ನಲ್ಲಿ ದೂರು ಕಳಿಸಿದರೆ ಮೂರು ದಿನದ ಒಳಗೆ ಹೋಗಿ ಸಹಿ ಹಾಕಬೇಕು. ಎಫ್‌ಐಆರ್ ಪ್ರತಿ ಉಚಿತ, ಕೇಳಿ ಪಡೆಯಿರಿ. ದೂರು ತೆಗೆದುಕೊಳ್ಳದಿದ್ದರೆ ಜಿಲ್ಲಾ ಎಸ್‌ಪಿಗೆ ಬರವಣಿಗೆಯಲ್ಲಿ ಕಳಿಸುವ ಹಕ್ಕು ನಿಮಗಿದೆ.

ಇನ್ಶೂರೆನ್ಸ್ ಕಂಪನಿಗೂ ಅದೇ ದಿನ ತಿಳಿಸಿ. ಪೊಲೀಸರಿಗೆ ಬೇಗ ದೂರು ಕೊಟ್ಟಿದ್ದರೆ, ಕಂಪನಿಗೆ ತಿಳಿಸಲು ತಡವಾಯಿತು ಅನ್ನುವ ಒಂದೇ ಕಾರಣಕ್ಕೆ ಕ್ಲೇಮ್ ತಳ್ಳಿಹಾಕುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2020ರಲ್ಲಿ ಹೇಳಿದೆ. ಆದರೂ ಜಗಳಕ್ಕೆ ಜಾಗ ಕೊಡುವುದು ಯಾಕೆ? ಸಾಲ ಇದ್ದರೆ ಫೈನಾನ್ಸ್‌ನವರಿಗೂ ತಿಳಿಸಿ. ಗಾಡಿ ಹೋಯಿತು ಅಂತ ಕಂತು ನಿಲ್ಲುವುದಿಲ್ಲ, ಕ್ಲೇಮ್ ಹಣವೂ ಮೊದಲು ಸಾಲಕ್ಕೇ ಹೋಗುತ್ತದೆ. ಆರ್‌ಟಿಒ ಕಚೇರಿಗೂ ಎಫ್‌ಐಆರ್ ಪ್ರತಿ ಕೊಡಿ.

ಆಮೇಲಿನ ವಾರಗಳಲ್ಲಿ ನಿಮ್ಮ ಗಾಡಿ ನಂಬರ್ ಹಾಕಿ ಇ-ಚಲನ್ ನೋಡುತ್ತಿರಿ. ಕದ್ದವನು ಹೆಲ್ಮೆಟ್ ಇಲ್ಲದೆ ಬೆಂಗಳೂರಿನ ಸಿಗ್ನಲ್ ದಾಟಿ ಕ್ಯಾಮೆರಾಗೆ ಸಿಕ್ಕಿದ್ದರೆ ಜಾಗ, ಹೊತ್ತು, ಫೋಟೊ ಸಮೇತ ದಂಡ ನಿಮ್ಮ ಹೆಸರಿಗೆ ಬಂದಿರುತ್ತದೆ. ಅದನ್ನು ತೆಗೆದುಕೊಂಡು ತನಿಖೆ ಮಾಡುತ್ತಿರುವವರ ಹತ್ತಿರ ಹೋಗಿ.

ಗಾಡಿ ಸಿಗದಿದ್ದರೆ ಪೊಲೀಸರು ಕೋರ್ಟಿಗೆ ಸಿ ರಿಪೋರ್ಟ್, ಅಂದರೆ ಪತ್ತೆಯಾಗಲಿಲ್ಲ ಅನ್ನುವ ವರದಿ ಹಾಕುತ್ತಾರೆ. ಕ್ಲೇಮ್ ಮುಗಿಯಲು ಅದರ ಪ್ರತಿ ಬೇಕು. ಸಿಕ್ಕಿದರೆ ಅದು ಕೇಸಿನ ವಸ್ತು ಆಗಿರುವುದರಿಂದ ಠಾಣೆಯಿಂದ ನೇರವಾಗಿ ತರಲು ಬರುವುದಿಲ್ಲ. ಮ್ಯಾಜಿಸ್ಟ್ರೇಟ್ ಕೋರ್ಟಿನಲ್ಲಿ ಅರ್ಜಿ ಹಾಕಿ, ಬಾಂಡ್ ಬರೆದುಕೊಟ್ಟು ಬಿಡಿಸಿಕೊಳ್ಳಬೇಕು. ಬೇಗ ಹಾಕಿ, ಇಲ್ಲದಿದ್ದರೆ ಠಾಣೆ ಮುಂದೆ ಬಿಸಿಲು ಮಳೆಗೆ ನಿಂತು ಗಾಡಿ ಹಾಳಾಗುತ್ತದೆ. ಮನೆಗೆ ತಂದ ಮೇಲೆ ಎಂಜಿನ್, ಚಾಸಿ ನಂಬರ್ ತಿದ್ದಿಲ್ಲವಾ ಪರೀಕ್ಷಿಸಿ, ಲಾಕ್ ಸೆಟ್ ಪೂರ್ತಿ ಬದಲಾಯಿಸಿ, ಬ್ರೇಕ್ ನೋಡಿಸಿ. ಅಷ್ಟಾದ ಮೇಲೆ ಹೊರೆ ಹಾಕಿ.